ಎಷ್ಟು ಮಳೆಯಾದರೆ ಮಳೆ?

ನನ್ನ ಪ್ರಶ್ನಾವಳಿಯ ಮೊದಲನೇ ಪ್ರಶ್ನೆ ಹೀಗಿತ್ತು: "ನಿಮ್ಮ ಊರಿನ ಹವಾಮಾನ ಹೇಗಿದೆ?" ಚಳ್ಳಕೆರೆ ತಾಲ್ಲೂಕಿನ ಒಂದು ಊರಿನ ಅರಳಿಕಟ್ಟೆಯಲ್ಲಿ ಕೂತಿದ್ದ ಅಜ್ಜನೊಬ್ಬರಿಗೆ ಅದನ್ನು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಅದನ್ನ ರೇಡಿಯೋದಾಗೆ ಹೇಳ್ತಾರಲ್ಲ ತಾಯಿ, ನಮ್ಮನ್ಯಾಕೆ ಕೇಳ್ತೀಯ?" ಅಂದರು. ನಾನು ಪೆನ್ನು ಹಿಡಿದು ಸುಮ್ಮನೆ ಕೂತೆ. ಪಕ್ಕದಲ್ಲಿದ್ದ ಹುಡುಗ, "ಮಳೆ-ಬೆಳೆ ಹೆಂಗೈತೆ ಅಂತ ಕೇಳ್ತಾವ್ರೆ ಕಣಜ್ಜ" ಎಂದ. ಆಮೇಲೆ ಅಜ್ಜ ಮುಕ್ಕಾಲು ಗಂಟೆ ಬಿಡದೆ ಮಾತಾಡಿದರು.

ಹವಾಮಾನ ಎಂಬ ಪದ ನನ್ನ ಸಂಶೋಧನಾ ಪ್ರಬಂಧದ ಶೀರ್ಷಿಕೆಯಲ್ಲೇ ಇತ್ತು. 'ಹವಾ' ಅರಬ್ಬಿಯಿಂದ ಪಾರಸಿಯ ದಾರಿಯಲ್ಲಿ ನಮಗೆ ಬಂದದ್ದು, 'ಮಾನ' ಸಂಸ್ಕೃತದ್ದು. ಎರಡನ್ನೂ ಬೆಸೆದು ಪಠ್ಯಪುಸ್ತಕಕ್ಕೂ ವಾರ್ತೆಗೂ ಇಟ್ಟುಕೊಂಡಿದ್ದೇವೆ. ಮನೆಮಾತಿನಲ್ಲಿ ಸೆಕೆ ಇದೆ, ಧಗೆ ಇದೆ, ಥಂಡಿ ಇದೆ, ಮೋಡ ಕಟ್ಟುವುದಿದೆ, ಎಲ್ಲಕ್ಕಿಂತ ಹೆಚ್ಚಾಗಿ ಮಳೆ ಇದೆ. ಮಳೆ ಬರುತ್ತದೆ, ಹಿಡಿಯುತ್ತದೆ, ಬಿಡುತ್ತದೆ, ಕೈ ಕೊಡುತ್ತದೆ, ಹೋಗುತ್ತದೆ. ಆ ಸೀಮೆಯಲ್ಲಿ 'ಈ ಸಲ ಮಳೆ ಹೋಯ್ತು' ಅಂದರೆ ಮಳೆ ನಿಂತಿತು ಎಂದಷ್ಟೇ ಅಲ್ಲ, ವರ್ಷವೇ ಕೈಬಿಟ್ಟಿತು ಎಂದು. ಮಳೆ ಎಂಬ ಮಾತು ಒಂಟಿಯಾಗಿ ಬರುವುದೂ ಕಡಿಮೆ, ಹಿಂದೆಯೇ 'ಬೆಳೆ' ಅಂಟಿಕೊಂಡಿರುತ್ತದೆ. ಆವತ್ತು ರಾತ್ರಿ ಮೊದಲ ಪ್ರಶ್ನೆಯನ್ನು ಹೊಡೆದುಹಾಕಿದೆ. ವರ್ಷ ಕಳೆಯುವಷ್ಟರಲ್ಲಿ ಉಳಿದ ಪ್ರಶ್ನೆಗಳಲ್ಲಿ ಅರ್ಧದಷ್ಟು ಹಾಗೇ ಹೋದವು.

ಭೂಗೋಳ ಓದಿದವಳಿಗೆ ಮಳೆಯ ಉಸಾಬರಿ ಏಕೆ, ಅದು ಹವಾಮಾನ ಇಲಾಖೆಯವರ ಕೆಲಸವಲ್ಲವೇ ಎಂದು ಈಗಲೂ ನೆಂಟರಿಷ್ಟರು ಕೇಳುತ್ತಾರೆ. ಮಳೆ ಹೇಗೆ ಬೀಳುತ್ತದೆ ಎಂಬುದು ಅವರ ಕೆಲಸ ಸರಿ. ಬಿದ್ದ ಮಳೆಯನ್ನು, ಬೀಳದ ಮಳೆಯನ್ನು, ಬೀಳಬಹುದಾದ ಮಳೆಯನ್ನು ಜನ ಹೇಗೆ ಅರ್ಥಮಾಡಿಕೊಳ್ಳುತ್ತಾರೆ, ಆ ಅರ್ಥದ ಮೇಲೆ ಏನು ಮಾಡುತ್ತಾರೆ ಎಂಬುದು ಭೂಗೋಳದ ಹಳೆಯ ಪ್ರಶ್ನೆ. ಅಮೆರಿಕದ ಭೂಗೋಳಜ್ಞ ಗಿಲ್ಬರ್ಟ್ ವೈಟ್ 1940ರ ದಶಕದಲ್ಲೇ ನೆರೆಯ ಬಗ್ಗೆ ಬರೆಯುತ್ತಾ, ನದಿಯನ್ನು ಅಳೆದರೆ ಸಾಲದು, ನದಿ ಪಕ್ಕದಲ್ಲಿ ಮನೆ ಕಟ್ಟಿದವನು ಏನೆಂದುಕೊಂಡು ಕಟ್ಟಿದ ಎಂಬುದನ್ನೂ ನೋಡಬೇಕು ಎಂಬ ದಾರಿ ಹಾಕಿಕೊಟ್ಟರು. 1960ರ ದಶಕದಲ್ಲಿ ಥಾಮಸ್ ಸಾರಿನೆನ್ ಎಂಬ ಭೂಗೋಳಜ್ಞ ಅಮೆರಿಕದ ಮಹಾಬಯಲಿನ ಗೋಧಿ ರೈತರ ಮನೆ ಮನೆಗೆ ಹೋಗಿ, ಬರ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ ಎಂದು ನಿಮಗನ್ನಿಸುತ್ತದೆ ಎಂದು ಕೇಳಿದರು. ಹೆಚ್ಚಿನವರು ದಾಖಲೆಯಲ್ಲಿ ಇದ್ದುದಕ್ಕಿಂತ ಕಡಿಮೆ ಸಲ ಬರುತ್ತದೆ ಎಂದರು. ಬರ ಕಂಡವರೂ ಬರವನ್ನು ಕಡಿಮೆ ಎಣಿಸುತ್ತಾರೆ. ಇದನ್ನು ಓದಿದ ದಿನ ನನಗೆ ನಮ್ಮಪ್ಪ ನೆನಪಾದರು. ಪ್ರತಿ ಮೇ ತಿಂಗಳು ಬೀಜ ಕೊಳ್ಳಲು ಸಾಲ ಮಾಡುವಾಗ ಅವರ ಮುಖದಲ್ಲಿ ಇರುತ್ತಿದ್ದ ಆ ಭರವಸೆಗೆ ಒಂದು ಶಾಸ್ತ್ರವೇ ಇದೆ ಅನ್ನಿಸಿತು. ನಾನು ಈ ವಿಷಯ ಹಿಡಿದದ್ದು ಹಾಗೆ.

ಮೊದಲ ತಿಂಗಳು ನನಗೆ ಕಷ್ಟವಾಗಿದ್ದು ದಿನಾಂಕಗಳದ್ದು. ನಾನು ಜೂನ್, ಜುಲೈ ಎಂದು ಕೇಳುತ್ತಿದ್ದೆ. ಅವರು ರೋಹಿಣಿ, ಮಿರ್ಗಶಿರ, ಆರಿದ್ರೆ ಎಂದು ಹೇಳುತ್ತಿದ್ದರು. ಸೂರ್ಯ 27 ನಕ್ಷತ್ರಗಳನ್ನು ವರ್ಷದಲ್ಲಿ ಒಂದು ಸುತ್ತು ಹಾಕುತ್ತಾನೆ, ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನ. ಆ ದಿನಗಳಲ್ಲಿ ಬೀಳುವುದು ಆ ನಕ್ಷತ್ರದ ಮಳೆ. ಮೇ 25ರ ಆಸುಪಾಸಿಗೆ ರೋಹಿಣಿ, ಜೂನ್ 22ರ ಹೊತ್ತಿಗೆ ಆರಿದ್ರೆ, ಸೆಪ್ಟೆಂಬರ್ ಕೊನೆಗೆ ಹಸ್ತ, ಅಕ್ಟೋಬರ್ ಎರಡನೇ ವಾರಕ್ಕೆ ಚಿತ್ತೆ. ಇಂಗ್ಲಿಷ್ ತಿಂಗಳು ರೈತನಿಗೆ ತೀರಾ ಉದ್ದ. ಜುಲೈಯಲ್ಲಿ ಮಳೆಯಾಯಿತು ಎಂದರೆ ಮೊದಲ ವಾರವೋ ಕೊನೆಯ ವಾರವೋ ತಿಳಿಯುವುದಿಲ್ಲ. ಬಿತ್ತುವವನಿಗೆ ಆ ಎರಡು ವಾರದ ನಡುವೆ ಒಂದು ಬೆಳೆ ಹೋಗಿ ಇನ್ನೊಂದು ಬೆಳೆ ಬಂದಿರುತ್ತದೆ. ಹದಿನಾಲ್ಕು ದಿನದ ಅಳತೆಗೋಲು ಆ ನೆಲಕ್ಕೆ ಎಷ್ಟು ಹೊಂದುತ್ತದೆ ಎಂಬುದು ನನಗೆ ಗೊತ್ತಾಗಿದ್ದು, ನನ್ನದೇ ಮಾಸಿಕ ಕೋಷ್ಟಕದಲ್ಲಿ ಏನೂ ಕಾಣದೇ ಹೋದಾಗ.

ನಕ್ಷತ್ರದ ಜೊತೆ ಗಾದೆಗಳು ಬಂದವು. 'ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ.' 'ಆಶ್ಲೇಷ ಮಳೆ ಈಸಲಾರದ ಹೊಳೆ.' 'ಬಂದರೆ ಮಘೆ, ಹೋದರೆ ಹೊಗೆ.' 'ಕುರುಡು ಚಿತ್ತೆ ಎರಚಿದತ್ತ ಬೆಳೆ.' ಇವನ್ನು ಸಂಗ್ರಹಿಸಿದವರು ಬಹಳ ಮಂದಿ. ಆದರೆ ಸಂಗ್ರಹದ ಪುಸ್ತಕದಲ್ಲಿ ಅವೆಲ್ಲ ಇಡೀ ಕರ್ನಾಟಕದ ಗಾದೆಗಳಾಗಿ ಸಾಲಾಗಿ ನಿಲ್ಲುತ್ತವೆ. ಭೂಗೋಳದವಳ ಕಣ್ಣಿಗೆ ಅಲ್ಲೇ ಕೊರತೆ ಕಂಡಿತು. ಗಾದೆಗೂ ಊರಿದೆ. ಈಸಲಾರದ ಹೊಳೆ ಇರಬೇಕಾದರೆ ಮೊದಲು ಹೊಳೆ ಇರಬೇಕು. ಚಳ್ಳಕೆರೆಯ ಅಜ್ಜನಿಗೆ ಆಶ್ಲೇಷದ ಗಾದೆ ಬಾಯಿಗೆ ಬರುತ್ತಿತ್ತು, ಆದರೆ ಅದನ್ನು ಅವರು ನೆಂಟರ ಊರಿನ ಸುದ್ದಿಯಂತೆ ಹೇಳುತ್ತಿದ್ದರು. ಆಗಸ್ಟ್ ಮೊದಲ ವಾರ ಅವರ ಹೊಲದ ಮೇಲೆ ಬರೀ ಗಾಳಿ. ಪಡುವಣದಿಂದ ಮೋಡ ಮಂದೆ ಮಂದೆಯಾಗಿ ಬಂದು ತಲೆ ಮೇಲೆ ದಾಟಿ ಮೂಡಲಿಗೆ ಹೋಗುತ್ತದೆ, ಹನಿ ಬೀಳುವುದಿಲ್ಲ. ಸಹ್ಯಾದ್ರಿಯನ್ನು ಏರುವಾಗಲೇ ನೀರು ಇಳಿಸಿ ಬಂದ ಗಾಳಿ ಅದು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು ನಿಂತಿರುವುದೂ ಅದೇ ಗಾಳಿಯನ್ನು ನಂಬಿ. ಅಜ್ಜ ಕಣ್ಣರಳಿಸಿ, ದನಿ ಏರಿಸಿ ಹೇಳುತ್ತಿದ್ದುದು ಉತ್ತರೆ, ಹಸ್ತ, ಚಿತ್ತೆಯ ಮಾತು. ದಕ್ಷಿಣದ ಬಯಲುಸೀಮೆಗೆ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲೇ. ಜೋರು ಮಳೆ ಜುಲೈಯಲ್ಲಿ ಬೀಳುವ ಕರಾವಳಿಯಲ್ಲೂ ಇದೇ ನಕ್ಷತ್ರಗಳ ಹೆಸರಿವೆ, ಅಲ್ಲಿ ಅವುಗಳ ಗುಣ ಬೇರೆ. ಪಂಚಾಂಗ ಒಂದೇ, ಮಳೆಗಳು ಬೇರೆ ಬೇರೆ.

"ನಕ್ಷತ್ರನೇ ಜಾರೈತೆ ಕಣವ್ವ, ಅದಕ್ಕೇ ಮಳೆ ತಪ್ಪೈತೆ" ಎಂದು ಹಲವರು ಹೇಳಿದರು. ನಕ್ಷತ್ರ ಜಾರುವುದು ನಿಜವೇ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನ ತಿರುಗುವುದರಿಂದ ಈ ನಕ್ಷತ್ರದ ಲೆಕ್ಕ ಋತುವಿನ ಲೆಕ್ಕದಿಂದ ಸುಮಾರು 72 ವರ್ಷಕ್ಕೆ ಒಂದು ದಿನ ಸರಿಯುತ್ತದೆ. ಒಬ್ಬ ಮನುಷ್ಯನ ಆಯುಸ್ಸಿಗೆ ಒಂದು ದಿನ. ಅವರ ನೆನಪಿನಲ್ಲಿ ಆದ ಬದಲಾವಣೆಗೆ ಅದು ಕಾರಣವಾಗಲಾರದು. ಇದನ್ನು ಅಜ್ಜನಿಗೆ ಹೇಳಿದೆ. ಅವರು ಯೋಚಿಸಿ, "ಹಂಗಾರೆ ಮಳೆನೇ ಜಾರೈತೆ" ಅಂದರು.

ಅವರೇ ನನಗೆ ಹದ ತೋರಿಸಿಕೊಟ್ಟವರು. ಹಿಂದಿನ ರಾತ್ರಿ ಮಳೆಯಾಗಿತ್ತು. ಹೋಬಳಿಯ ಮಳೆಮಾಪಕದಲ್ಲಿ 20 ಮಿಲಿಮೀಟರ್ ಆಗಿದೆ ಎಂದು ತಿಳಿದುಕೊಂಡು ನಾನು ಹುರುಪಿನಿಂದ ಬೆಳಿಗ್ಗೆಯೇ ಹೋಗಿದ್ದೆ. ಎಕರೆಗೆ ಎಂಬತ್ತು ಸಾವಿರ ಲೀಟರ್ ನೀರು! ಊರೆಲ್ಲ ಕೂರಿಗೆ ಹೂಡಿರುತ್ತದೆ ಎಂದುಕೊಂಡಿದ್ದೆ. ರಸ್ತೆಯ ಒಂದು ಕಡೆ ಮಸಾರಿ ಹೊಲ, ಅಂದರೆ ಕೆಂಪು ಮಣ್ಣು; ಇನ್ನೊಂದು ಕಡೆ ಎರೆ, ಕಪ್ಪು ಮಣ್ಣು. ಮಸಾರಿಯಲ್ಲಿ ಅಜ್ಜ ಬೆರಳಿಳಿಸಿ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಅದುಮಿದರು. ಉಂಡೆಯಾಯಿತು. ಎದೆ ಎತ್ತರದಿಂದ ಕೈಬಿಟ್ಟರು. ಉಂಡೆ ಬಿದ್ದು ಒಡೆಯಿತು. "ಇದು ಹದ" ಅಂದರು. ಒಡೆಯದೆ ಚಪ್ಪಟೆಯಾಗಿ ಕೂತರೆ ಇನ್ನೂ ಕೆಸರು, ಉಂಡೆಯೇ ಕಟ್ಟದಿದ್ದರೆ ಒಣಗಲು. ರಸ್ತೆ ದಾಟಿ ಎರೆ ಹೊಲಕ್ಕೆ ಹೋದೆವು. ಬೇಸಿಗೆಯ ಬಿರುಕು ಇನ್ನೂ ಮುಚ್ಚಿರಲಿಲ್ಲ. ಮೇಲೆ ಒಂದು ತೆಳು ಅಂಟು, ಕೆಳಗೆ ಧೂಳು. "ಇಲ್ಲಿ ಮಳೆ ಆಗಿಲ್ಲ" ಅಂದರು ಅಜ್ಜ.

ಆಗಿಲ್ಲ! ಅದೇ ಮೋಡ, ಅದೇ ರಾತ್ರಿ, ಹತ್ತಡಿ ರಸ್ತೆಯ ಈಚೆ ಆಚೆ. ಅಜ್ಜ ತಪ್ಪು ಹೇಳಲಿಲ್ಲ, ಉತ್ಪ್ರೇಕ್ಷೆಯನ್ನೂ ಮಾಡಲಿಲ್ಲ. ಅವರ ಮಾತಿನಲ್ಲಿ ಮಳೆ ಆಗುವುದು ಆಕಾಶದಲ್ಲಲ್ಲ, ನೆಲದಲ್ಲಿ. ಎರೆ ನಿಧಾನ ಕುಡಿಯುತ್ತದೆ, ಬಹಳ ಕುಡಿಯುತ್ತದೆ, ಕುಡಿದದ್ದನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಮಸಾರಿ ಬೇಗ ಕುಡಿದು ಬೇಗ ಬಿಡುತ್ತದೆ. ಹಾಗಾಗಿ ಒಂದಕ್ಕೆ ಸಾಕಾದದ್ದು ಇನ್ನೊಂದಕ್ಕೆ ಮಳೆಯೇ ಅಲ್ಲ. ಬೆಲ್ಲದ ಪಾಕಕ್ಕೂ ದೋಸೆ ಹಿಟ್ಟಿಗೂ ನಮ್ಮ ತಾಯಂದಿರು ಬಳಸುವ ಅದೇ ಪದ, ಹದ. ಅದಕ್ಕೆ ಅಳತೆ ಇಲ್ಲ ಎಂದು ನಾನು ತಿಳಿದಿದ್ದೆ. ಅಳತೆ ಇದೆ, ಅದು ವಸ್ತುವಿನಲ್ಲೇ ಇದೆ. ಮಿಲಿಮೀಟರ್ ಮಳೆಯ ಬಗ್ಗೆ ಮಾತ್ರ ಹೇಳುತ್ತದೆ; ಹದ ಮಳೆ, ಮಣ್ಣು, ಬೀಜ, ಎತ್ತು, ಇಷ್ಟರ ಬಗ್ಗೆಯೂ ಒಂದೇ ಉಸಿರಿಗೆ ಹೇಳುತ್ತದೆ. ಮಿಲಿಮೀಟರ್ ಬೇಡ ಅನ್ನುತ್ತಿಲ್ಲ ನಾನು. ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಹೋಲಿಸಬೇಕಾದರೆ ಅದೊಂದೇ ಗತಿ, ಹದವನ್ನು ಪಕ್ಕದೂರಿಗೆ ಹೊತ್ತೊಯ್ಯಲು ಬರುವುದಿಲ್ಲ. ಆದರೆ ಒಂದನ್ನು ಜ್ಞಾನ ಎಂದೂ ಇನ್ನೊಂದನ್ನು ಗ್ರಹಿಕೆ ಎಂದೂ ಕರೆದದ್ದು ನನ್ನ ಪ್ರಬಂಧದ ಮೊದಲ ಕರಡಿನ ದೊಡ್ಡ ದೋಷ.

ಆ ಕರಡಿನಲ್ಲಿ 'ತಪ್ಪು ಗ್ರಹಿಕೆಗಳು' ಎಂಬ ಅಧ್ಯಾಯವೇ ಇತ್ತು. ಅದಕ್ಕೆ ನಾನು ಸೇರಿಸಿದ್ದ ಒಂದು ಉದಾಹರಣೆ ಹೇಳುತ್ತೇನೆ. ಜನ ಸೋಮವಾರ ಸಂಜೆ ದೊಡ್ಡ ಮಳೆ ಬಂತು ಎನ್ನುತ್ತಿದ್ದರು. ದಾಖಲೆ ಪುಸ್ತಕದಲ್ಲಿ ಅದು ಮಂಗಳವಾರದ ಎದುರಿಗೆ ಇರುತ್ತಿತ್ತು. ಮೂರು ನಾಲ್ಕು ಸಲ ಹೀಗಾದಾಗ, ನೆನಪು ಒಂದು ದಿನ ಹಿಂದಕ್ಕೆ ಸರಿಯುತ್ತದೆ ಎಂದು ಬರೆದುಬಿಟ್ಟೆ. ನಮ್ಮ ದೇಶದಲ್ಲಿ ಮಳೆ ಅಳೆಯುವುದು ಬೆಳಿಗ್ಗೆ 8:30ಕ್ಕೆ. ಮಂಗಳವಾರದ ಎದುರಿಗೆ ಬರೆದ ಅಂಕಿ ಸೋಮವಾರ ಬೆಳಿಗ್ಗೆ 8:30ರಿಂದ ಮಂಗಳವಾರ ಬೆಳಿಗ್ಗೆ 8:30ರವರೆಗಿನ ಮಳೆ. ಬಯಲುಸೀಮೆಯಲ್ಲಿ ಗುಡುಗಿನ ಮಳೆ ಸಂಜೆಯೋ ರಾತ್ರಿಯೋ ಬರುವುದು ಹೆಚ್ಚು. ಜನರ ನೆನಪು ಕರಾರುವಾಕ್ಕಾಗಿತ್ತು. ಪುಸ್ತಕ ಓದಲು ಬಾರದಿದ್ದವಳು ನಾನು. ಅವರ ನೆನಪಿನ ಮೇಲೆ ನಾನು ಹೊರಿಸಿದ ಆ ಅಪವಾದ ಕೈಬರಹದಲ್ಲೇ ಉಳಿದು ಅಚ್ಚಾಗದೇ ಹೋಯಿತಲ್ಲ ಎಂಬುದು ನನಗೆ ಈಗಲೂ ಸಮಾಧಾನ.

ಇನ್ನೊಂದು 'ತಪ್ಪು ಗ್ರಹಿಕೆ' ಇಷ್ಟು ಸುಲಭಕ್ಕೆ ಬಿಡಿಸಿಕೊಳ್ಳಲಿಲ್ಲ. ಮಳೆ ಕಡಿಮೆಯಾಗಿದೆಯೇ ಎಂದು ಕೇಳಿದರೆ ಹೂಂ ಅನ್ನದವರು ಸಿಗಲಿಲ್ಲ. ಹೋಬಳಿಯ ಪುಸ್ತಕದಲ್ಲಿ ವರ್ಷದ ಒಟ್ಟು ಮೊತ್ತ ಏರಿಳಿಯುತ್ತಿತ್ತೇ ಹೊರತು ಇಳಿಮುಖ ಕಾಣಲಿಲ್ಲ. ಆಗ ಎಲಿಜಬೆತ್ ಮೇಜೆ-ಹೌಸ್ಕೆನ್ ಉತ್ತರ ಇಥಿಯೋಪಿಯಾದಲ್ಲಿ ಮಾಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದೆ. ಅಲ್ಲೂ ಹೀಗೇ: ಜನ ಮಳೆ ಕಡಿಮೆಯಾಗಿದೆ ಅನ್ನುತ್ತಾರೆ, ದಾಖಲೆ ಇಲ್ಲ ಅನ್ನುತ್ತದೆ. ಆಕೆ ಜನರನ್ನು ತಪ್ಪೆನ್ನಲಿಲ್ಲ. ಮಳೆಯ ಅಗತ್ಯವೇ ಬದಲಾಗಿದ್ದರೆ ಅಷ್ಟೇ ಮಳೆ ಕಡಿಮೆಯಾಗಿ ಕಾಣುತ್ತದೆ ಎಂದು ತೋರಿಸಿದರು. ಅದನ್ನು ಓದಿ ನಾನು ಮತ್ತೆ ಊರಿಗೆ ಹೋಗಿ ಬೇರೆ ಥರ ಕೇಳಿದೆ. ಮಳೆ ಕಡಿಮೆಯಾಗಿದೆ ಎಂದು ನಿಮಗೆ ಹೇಗೆ ಗೊತ್ತಾಯಿತು? ಕೆರೆ ಕೋಡಿ ಬಿದ್ದು ಎಷ್ಟು ವರ್ಷವಾಯಿತು ಎಂದು ಒಬ್ಬರು ಎಣಿಸಿದರು. ಬೋರು ಎಷ್ಟು ಅಡಿಗೆ ಇಳಿದಿದೆ ಎಂದು ಇನ್ನೊಬ್ಬರು. ಮೊದಲು ನವಣೆ, ಸಜ್ಜೆ, ಹುರುಳಿ ಹಾಕುತ್ತಿದ್ದ ಹೊಲಕ್ಕೆ ಈಗ ಪೂರಾ ಶೇಂಗಾ. ಹೂ ಬಿಟ್ಟು, ಮುಂದೆ ಕಾಯಿಯಾಗುವ ಊಡು ಮಣ್ಣಿಗೆ ಇಳಿಯುವ ಹೊತ್ತಿನಲ್ಲಿ ಇಪ್ಪತ್ತು ದಿನ ಹಸಿ ಇಲ್ಲದಿದ್ದರೆ ಅದು ಕಾಯಿ ಕಟ್ಟುವುದಿಲ್ಲ, ಸಜ್ಜೆಯಾದರೆ ತಡೆದುಕೊಳ್ಳುತ್ತಿತ್ತು. ಅವರು ಕಡಿಮೆಯಾಗಿದೆ ಎಂದದ್ದು ಪೂರ್ತಿ ನಿಜ. ಕಡಿಮೆಯಾದದ್ದು ಏನು ಎಂದು ನಾನು ಕೇಳಿರಲೇ ಇಲ್ಲ.

ಆ ಸಲ ಹೋದಾಗಲೇ ಕಳೆ ಕೀಳುತ್ತಿದ್ದ ಹೆಂಗಸರ ಗುಂಪೊಂದರ ಜೊತೆ ಬದುವಿನ ಮೇಲೆ ಕೂತೆ. ನನ್ನ ಪ್ರಶ್ನಾವಳಿ ಅಲ್ಲಿಯವರೆಗೆ ಮನೆಯ ಯಜಮಾನನಿಗೇ ಹೋಗಿತ್ತು. ಒಬ್ಬಾಕೆ ಹೇಳಿದ್ದು: "ಮೂರು ದಿನ ಜಡಿ ಹಿಡಿದ್ರೆ ಹೊಲ ಇರೋರಿಗೆ ಬೆಳೆ. ನಮಗೆ ಕೂಲಿ ಇಲ್ಲ, ಒಲೆಗೆ ಸೌದೆ ಹಸಿ." ಒಳ್ಳೆಯ ಮಳೆ ಯಾರಿಗೆ ಒಳ್ಳೆಯದು ಎಂಬ ಕಾಲಂ ನನ್ನ ಹಾಳೆಯಲ್ಲಿ ಇರಲಿಲ್ಲ.

ಈಗ ಮುನ್ಸೂಚನೆಯ ಮಾತಿಗೆ ಬರುತ್ತೇನೆ. ಹವಾಮಾನ ಇಲಾಖೆ ಕರ್ನಾಟಕವನ್ನು ಮೂರು ಭಾಗ ಮಾಡಿದೆ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರುವ ಆಗುಂಬೆಯೂ ದಕ್ಷಿಣ ಒಳನಾಡು, ಅದರ ಹತ್ತನೇ ಒಂದು ಪಾಲೂ ಕಾಣದ ಚಳ್ಳಕೆರೆಯೂ ದಕ್ಷಿಣ ಒಳನಾಡು. ನಡುವೆ ನೇರ ದೂರ ಇನ್ನೂರು ಕಿಲೋಮೀಟರ್ ಇಲ್ಲ. ವರ್ಷಗಟ್ಟಲೆ ಸಂಜೆ ವಾರ್ತೆಯ ಕೊನೆಯಲ್ಲಿ 'ದಕ್ಷಿಣ ಒಳನಾಡಿನ ಹಲವೆಡೆ ಮಳೆ' ಎಂದು ಕೇಳಿ, ಮರುದಿನ ಬೋಳು ಆಕಾಶ ನೋಡಿದವರು ರೇಡಿಯೋವನ್ನು ನಂಬದಿದ್ದರೆ ಅದು ಅಜ್ಞಾನವಲ್ಲ, ಅನುಭವ. ಈಗ ಪರಿಸ್ಥಿತಿ ಸುಧಾರಿಸಿದೆ, ಅದನ್ನು ಹೇಳಲೇಬೇಕು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟಕ್ಕೆ ಸ್ವಯಂಚಾಲಿತ ಮಳೆಮಾಪಕಗಳನ್ನು ಒಯ್ದಿದೆ. ಅದರ ಸಹಾಯವಾಣಿ 'ವರುಣಮಿತ್ರ'ಕ್ಕೆ ಫೋನ್ ಮಾಡಿದರೆ ಆ ಕಡೆಯಿಂದ ಒಬ್ಬ ಮನುಷ್ಯ ಕನ್ನಡದಲ್ಲಿ ಉತ್ತರ ಕೊಡುತ್ತಾನೆ. ಮನುಷ್ಯ ಎಂಬುದು ಇಲ್ಲಿ ಮುಖ್ಯ, ಏಕೆಂದರೆ ಮರುಪ್ರಶ್ನೆ ಕೇಳಬಹುದು.

ಮೊಬೈಲಿನಲ್ಲಿ ಮರುಪ್ರಶ್ನೆ ಇಲ್ಲ. 'ಶೇ 30 ಮಳೆ' ಎಂದು ತೋರಿಸುತ್ತದೆ. ಯಾವುದರ ಶೇ 30? ಜರ್ಮನಿಯ ಮನೋವಿಜ್ಞಾನಿ ಗೆರ್ಡ್ ಗಿಗರೆಂಜರ್ ಮತ್ತು ಜೊತೆಗಾರರು 2005ರಲ್ಲಿ ಆಮ್‌ಸ್ಟರ್‌ಡ್ಯಾಮ್, ಅಥೆನ್ಸ್, ಬರ್ಲಿನ್, ಮಿಲಾನ್, ನ್ಯೂಯಾರ್ಕ್ ಜನರನ್ನು ಇದನ್ನೇ ಕೇಳಿದರು. ಇಂಥ ದಿನಗಳಲ್ಲಿ ನೂರಕ್ಕೆ ಮೂವತ್ತು ದಿನ ಮಳೆಯಾಗುತ್ತದೆ ಎಂಬ ಸರಿ ಅರ್ಥವನ್ನು ಬಹುಮತದಿಂದ ಆರಿಸಿದ್ದು ನ್ಯೂಯಾರ್ಕಿನವರು ಮಾತ್ರ. ಉಳಿದೆಡೆ ಹೆಚ್ಚಿನವರು ದಿನದ ಶೇ 30 ಹೊತ್ತು ಅಥವಾ ಊರಿನ ಶೇ 30 ಜಾಗ ಎಂದುಕೊಂಡಿದ್ದರು. ನಮ್ಮ ಹಳ್ಳಿಯ ಹುಡುಗರು ನನಗೆ ನಾಲ್ಕನೆಯ ಅರ್ಥವೊಂದನ್ನು ಹೇಳಿದರು: "ಮೂವತ್ತು ಅಂದ್ರೆ ತುಂತುರು ಅಕ್ಕ, ಎಂಬತ್ತು ಅಂದ್ರೆ ಜೋರು." ಸಾಧ್ಯತೆಯ ಅಂಕಿ ಪ್ರಮಾಣದ ಅಂಕಿಯಾಗಿತ್ತು. ಬಣ್ಣಗಳದ್ದೂ ಅದೇ ಕಥೆ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ರೂಪಿಸಿದವರ ಮನಸ್ಸಿನಲ್ಲಿ ಮಳೆ ಅಂದರೆ ಅಪಾಯ. ಕೊಡಗಿಗೆ, ಬೆಂಗಳೂರಿನ ತಗ್ಗು ಬಡಾವಣೆಗಳಿಗೆ ಅದು ಸರಿ. ಚಳ್ಳಕೆರೆಯಲ್ಲಿ ಜಿಲ್ಲೆಗೆ ಆರೆಂಜ್ ಅಲರ್ಟ್ ಎಂದರೆ ಜನ ಒಬ್ಬರಿಗೊಬ್ಬರು ಫೋನ್ ಮಾಡಿ ಖುಷಿಪಡುತ್ತಾರೆ.

ಪತ್ರಿಕೆಗಳಲ್ಲಿ ನನಗೆ ಎಲ್ಲಕ್ಕಿಂತ ತೊಡಕಾಗಿ ಕಾಣುವ ಪದ 'ವಾಡಿಕೆ ಮಳೆ'. ಅನುವಾದ ಮಾಡಿದವರು ಬಹಳ ಚೆಂದದ ಪದವನ್ನೇ ಆರಿಸಿದ್ದಾರೆ. ವಾಡಿಕೆ ಅಂದರೆ ರೂಢಿ, ನಡೆದುಕೊಂಡು ಬಂದದ್ದು. ಇಲಾಖೆಯ ಲೆಕ್ಕದಲ್ಲಿ ಅದು 1971ರಿಂದ 2020ರವರೆಗಿನ ಸರಾಸರಿ. ಇಡೀ ದೇಶಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 87 ಸೆಂಟಿಮೀಟರ್, ಅದರ ಶೇ 96ರಿಂದ 104ರೊಳಗೆ ಬಿದ್ದರೆ ವಾಡಿಕೆ. ಕೇಳುವವನ ಕಿವಿಯಲ್ಲಿ ವಾಡಿಕೆ ಎಂದರೆ ಬರಬೇಕಾದ ಹೊತ್ತಿಗೆ ಬರಬೇಕಾದಷ್ಟು ಬರುವುದು. 2023ನ್ನು ನೆನಪಿಸಿಕೊಳ್ಳಿ. ದೇಶದ ಮುಂಗಾರು ಸರಾಸರಿಯ ಶೇ 94, ಕೇಳಿದರೆ ಅಷ್ಟೇನೂ ಕೊರತೆ ಅನ್ನಿಸುವುದಿಲ್ಲ. ಆದರೆ ಆ ಆಗಸ್ಟ್ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಮಳೆ ಜಾರೈತೆ ಎಂದಿದ್ದ ಅಜ್ಜನ ಮಾತು ನನಗೆ ಆ ಆಗಸ್ಟಿನಲ್ಲಿ ದಿನಾ ಕಿವಿಯಲ್ಲಿತ್ತು.

ಅಜ್ಜ ಈಗಿಲ್ಲ. ಅವರ ಮೊಮ್ಮಗ, ಅರಳಿಕಟ್ಟೆಯಲ್ಲಿ ನನ್ನ ಪ್ರಶ್ನೆಯನ್ನು ತಿದ್ದಿದ ಆ ಹುಡುಗ, ಈಗ ಬೇಸಾಯ ಮಾಡುತ್ತಾನೆ. ಹೋದ ಚಿತ್ತೆ ಮಳೆಯಲ್ಲಿ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದ. "ಅಕ್ಕ, ಶೇಂಗಾ ಬಲಿತೈತೆ. ಕೀಳಲೋ, ಎರಡು ದಿನ ನಿಲ್ಲಲೋ?" ಕಿತ್ತು ಹಾಕಿದ ಮೇಲೆ ಮಳೆ ಹಿಡಿದರೆ ಬಳ್ಳಿ ಕೊಳೆಯುತ್ತದೆ, ಕಾಯಿ ಕಪ್ಪಾಗುತ್ತದೆ. ಕೀಳದೆ ಬಿಟ್ಟು ಹಸಿ ಹೆಚ್ಚಾದರೆ ಕಾಯಿ ನೆಲದಲ್ಲೇ ಮೊಳೆಯುತ್ತದೆ. ಮುನ್ಸೂಚನೆಯಲ್ಲಿ 'ಅಲ್ಲಲ್ಲಿ ಮಳೆ' ಎಂದಿತ್ತು. ಇಲಾಖೆಯ ಭಾಷೆಯಲ್ಲಿ ಅಲ್ಲಲ್ಲಿ ಎಂದರೆ ಮಳೆ ಅಳೆಯುವ ಕೇಂದ್ರಗಳಲ್ಲಿ ನೂರಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚಿಲ್ಲ ಎಂದು ಅವನಿಗೆ ಹೇಳಿದೆ. ಬಂದರೂ ಸಂಜೆಯ ಮೇಲೆ ಬರುವುದು ಹೆಚ್ಚು, ನಾಳೆ ಮಧ್ಯಾಹ್ನದವರೆಗೆ ಬಿಸಿಲು ಸಿಗಬಹುದು ಎಂದೆ. "ಆಳು ಎಷ್ಟು ಜನ ಸಿಗ್ತಾರೆ?" ಕೇಳಿದೆ. ಆರು ಜನ ಅಂದ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. "ರಸ್ತೆ ಪಕ್ಕದ್ದು ಮಸಾರಿ, ಅಲ್ಲಿ ನೀರು ನಿಲ್ಲಲ್ಲ. ಅದನ್ನ ನಾಳೆ ಕೀಳ್ತೀನಿ. ಆಚೆದು ಇರಲಿ" ಅಂದು ಫೋನ್ ಇಟ್ಟ.